ದತ್ತಾತ್ರಿ ಮಾಡಿಸಲು ಹೊರಟ ಸಿಗಡಿ

ಹುಮನಾಬಾದಿನ ಬೈಪಾಸಿನಲ್ಲಿ ನನ್ನದು ಪಂಚರ್ ಅಂಗಡಿ. ಎದುರಿಗೆ ದತ್ತಾತ್ರಿಯ ತಗಡಿನ ಶೆಡ್ಡು. ಲಾರಿಗಳಿಗೆ ಬಣ್ಣ ಹೊಡೆಯುವುದು, ಹಿಂದೆ ಮುಂದೆ ಅಕ್ಷರ ಬರೆಯುವುದು ಅವನ ಕಸುಬು. ದುಬಲಗುಂಡಿಯ ಹೊಲದ ಕೂಲಿ ಬಿಟ್ಟು ಬಂದವನು ಇಪ್ಪತ್ತೇಳು ವರ್ಷ ಅದೇ ಶೆಡ್ಡಿನಲ್ಲಿ ಥಿನ್ನರ್ ಉಸಿರಾಡಿ ಮೂಗು ಕಳೆದುಕೊಂಡ. ಮೂಗು ಮುಖದ ಮೇಲೆ ಇದೆ, ದೊಡ್ಡದಾಗಿಯೇ ಇದೆ, ವಾಸನೆ ಮಾತ್ರ ಹತ್ತುವುದಿಲ್ಲ. ನಾಯಿ ಸತ್ತುಬಿದ್ದ ಗಟಾರದ ದಂಡೆಯಲ್ಲಿ ಕೂತು ಉಪ್ಪಿಟ್ಟು ತಿನ್ನಬಲ್ಲ ಮನುಷ್ಯ. "ದತ್ತಣ್ಣನ ಮೂಗು ಬರೀ ಶೋಕಿಗಿ ಅದ" ಎಂದು ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ. ಈಗ ಆ ಮಾತನ್ನು ಇಲ್ಲಿ ಯಾರೂ ಆಡುವುದಿಲ್ಲ.

ಅವನ ಮೂಗಿನ ಕೆಲಸವನ್ನು ಹೆಂಡತಿ ದ್ರೌಪತಿ, ನಮಗೆಲ್ಲ ಅತ್ತಿಗೆಯಂತಿದ್ದ ವೈನಿ, ಮಾಡುತ್ತಿದ್ದರು. ಥಿನ್ನರಿನಲ್ಲಿ ಸೀಮೆಎಣ್ಣೆ ಬೆರೆಸಿದ್ದರೆ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೇಳಿಬಿಡುವರು. ಬರಬರುತ್ತ ಬೈಪಾಸಿನ ಅಂಗಡಿಗಳೆಲ್ಲ ಅವರ ಮೂಗನ್ನೇ ನೆಚ್ಚಿಕೊಂಡವು. ಹಳೆಯ ಡ್ರಮ್ಮಾಗಲಿ ಡೀಸೆಲ್ ಟಾಕಿಯಾಗಲಿ, ಗ್ಯಾಸಿನ ಬೆಂಕಿಯಿಂದ ಕೊಯ್ಯುವ ಮೊದಲು ಬಿರಡೆ ತೆಗೆದು ಮೂಸಬೇಕು. ಒಳಗೆ ಪೆಟ್ರೋಲಿನದೋ ಥಿನ್ನರಿನದೋ ಆವಿ ಉಳಿದಿದ್ದರೆ ಬೆಂಕಿ ತಾಗಿದೊಡನೆ ಸಿಡಿಯುತ್ತದೆ. ವಾಸನೆ ಇದ್ದರೆ ಕಂಠಮಟ್ಟ ನೀರು ತುಂಬಿ ಆಮೇಲೆ ಕೊಯ್ಯುವುದು ಪದ್ಧತಿ. ಟ್ಯಾಂಕರಿಗೆ ಕಾದು ಕೂರುವ ನಾವು ಇನ್ನೂರು ಲೀಟರ್ ನೀರನ್ನು ಸುಮ್ಮಸುಮ್ಮನೆ ಸುರಿಯುತ್ತೇವೆಯೇ? ಹಾಗಾಗಿ ವೈನಿಯನ್ನು ಕರೆಯುತ್ತಿದ್ದೆವು. ಅವರು ಬಗ್ಗಿ, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದು "ನಡೀತದ" ಅನ್ನುವರು, ಇಲ್ಲವೇ "ನೀರ ತುಂಬಸ್ರಿ" ಅನ್ನುವರು. ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ.

ಹೋದ ವರ್ಷ ಎಳ್ಳಮಾಸಿ ಹಬ್ಬಕ್ಕೆ ಇನ್ನಾರು ದಿನ ಇತ್ತು. ಚಳಿ ವಿಪರೀತ. ಬೆಳಿಗ್ಗೆ ಹತ್ತಾದರೂ ತಗಡು ಮುಟ್ಟುವಂತಿರಲಿಲ್ಲ, ಹೊಡೆದ ಬಣ್ಣ ಆರುತ್ತಿರಲಿಲ್ಲ. ಹಬ್ಬದೊಳಗೆ ಒಂದು ಲಾರಿ ಕೊಡಲೇಬೇಕಿತ್ತು. ಬಣ್ಣಕ್ಕೆ ಮೊದಲು ಅದರ ಮೈಗೆ ಮೆತ್ತಿದ ಪುಟ್ಟಿಯನ್ನು ನೀರು ಹಾಕಿ ಹಾಕಿ ಪಾಲಿಶ್ ಪೇಪರಿನಿಂದ ಉಜ್ಜುವುದು ವೈನಿಯ ಪಾಲಿನ ಕೆಲಸ. ಬೆರಳು ಬಿರಿದು ಪೇಪರಿನ ಮೇಲೆ ರಕ್ತ ಹತ್ತುತ್ತಿತ್ತು. ಅವರಿಗೆ ನೆಗಡಿಯಾಗಿ ನಾಲ್ಕು ದಿನವಾಗಿತ್ತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಲೇ ಉಜ್ಜುತ್ತಿದ್ದರು. ದತ್ತಾತ್ರಿಗೆ ಅದನ್ನು ನೋಡಲಾಗಲಿಲ್ಲ.

"ಏಕನಾಥ, ಇಕಿಗಿ ಒಂದು ಸಿಗಡಿ ಮಾಡಸ್ತೀನಿ ನೋಡು. ಇಡೀ ಶೆಡ್ಡ ಬೆಚ್ಚಗ ಇರಬೇಕು" ಎಂದು ನನಗೆ ಹೇಳಿ ಬಸವಕಲ್ಯಾಣಕ್ಕೆ ಹೋದ. ಅಲ್ಲಿ ಹೈವೇ ಪಕ್ಕದ ಗುಜರಿಗಳಲ್ಲಿ ದಿನವೆಲ್ಲ ತಡಕಾಡಿ ಟಂಟಂ ಆಟೋ ತುಂಬ ಕಬ್ಬಿಣ ಹಾಕಿಕೊಂಡು ಬಂದ. ಸಿಗಡಿ ಎಂದರೆ ಚಳಿ ಕಾಯಿಸುವ ಒಲೆ; ಅದರ ಬುಡಕ್ಕೆ ಲಾರಿಯ ಸವೆದ ಬ್ರೇಕ್ ಡ್ರಮ್ಮು, ಕಾಲಿಗೆ ಕಮಾನುಪಟ್ಟಿಯ ತುಂಡುಗಳು, ಹೊಗೆ ಹೋಗಲು ಸೈಲೆನ್ಸರ್ ಪೈಪು. ಹೊಟ್ಟೆಗೆ ಒಂದು ದೊಡ್ಡ ಮುಚ್ಚಿದ ಡ್ರಮ್ಮು, ನೀಲಿ ಬಣ್ಣ ಕಿತ್ತುಹೋದದ್ದು. ಒಳಗೆ ಮೊದಲು ಏನಿತ್ತು ಎಂದು ಕೇಳಿದೆ.

"ಖಾಲಿ ಅದ ಅಂದ್ರು" ಎಂದ.

ನಾನು ಕೇಳಿದ್ದು ಅದನ್ನಲ್ಲ. ಆದರೂ ಡ್ರಮ್ಮು ಇಳಿಸಲು ಕೈ ಹಚ್ಚಿದೆ.

ಮರುದಿನ ಬೆಳಿಗ್ಗೆ ಡ್ರಮ್ಮಿನ ಮೇಲೆ ಸೀಮೆಸುಣ್ಣದಿಂದ ಬಾಗಿಲು ಬರೆದ. ಪೇಂಟರ್ ಅಲ್ಲವೇ, ಬಾಗಿಲಿನ ಸುತ್ತ ಬಳ್ಳಿಯನ್ನೂ ಬಿಡಿಸಿದ. ಕೊಯ್ಯಲು ಬಂದವನು ವೆಲ್ಡರ್ ಕಲ್ಲಿನಾಥ. ನನ್ನ ಅಂಗಡಿಯಿಂದ ಎರಡು ಅಂಗಡಿ ಆಚೆ ಅವನದು, ಮನೆ ಮಾಣಿಕನಗರದಲ್ಲಿ. "ಸಿಗಡಿನೋ, ಲಗ್ನದ ಮಂಟಪೋ?" ಎಂದು ನಗುತ್ತ ಗ್ಯಾಸಿನ ನಳಿಗೆ ಬಿಚ್ಚಿದ. ಶೆಡ್ಡಿನಲ್ಲೆಲ್ಲ ಥಿನ್ನರ್ ಘಾಟು ಎಂದು ಡ್ರಮ್ಮನ್ನು ಹೊರಗೆ, ರಸ್ತೆಯ ಕಡೆಗೆ ಉರುಳಿಸಿದೆವು. ಬಿರಡೆ ತೆಗೆದೆವು.

"ವೈನಿ, ಬರ್ರಿ. ನಿಮ್ಮ ಸಿಗಡಿ ನೀವೇ ಮೂಸ್ರಿ."

ವೈನಿ ಬಂದರು. ಬಗ್ಗಿದರು, ಕಣ್ಣು ಮುಚ್ಚಿದರು. ಎಂದಿನಂತೆ ಒಮ್ಮೆ ಅಲ್ಲ, ಎರಡು ಸಲ ಉಸಿರೆಳೆದರು. ನಾನು ನೋಡುತ್ತಿದ್ದೆ. ಎಳೆದ ಉಸಿರು ಮೂಗಿನಲ್ಲಿ ಗೊರ್ ಎಂದು ಸಿಕ್ಕಿಕೊಂಡ ಸದ್ದು ನನಗೆ ಕೇಳಿಸಿತು. ನನಗೂ ಮೂಗಿತ್ತು, ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಬಹುದಿತ್ತು. ಬಗ್ಗಲಿಲ್ಲ. ಇದಕ್ಕೆ ನನ್ನ ಬಳಿ ಯಾವ ಸಬೂಬೂ ಇಲ್ಲ. ವೈನಿ ಮೂಸುವಾಗ ಉಳಿದವರು ಮೂಸುವುದು ಎಂದರೆ ಅವರಿಗೆ ಅವಮಾನ ಮಾಡಿದಂತೆ ಎಂದೇ ನಾವೆಲ್ಲ ತಿಳಿದಿದ್ದೆವು.

"ಲಗೂ ಹೇಳು ಮಾರಾಯ್ತಿ, ಕಲ್ಲಿನಾಥ ಕಾಯಾಕತ್ತಾನ" ಎಂದ ದತ್ತಾತ್ರಿ. ಸೈಲೆನ್ಸರ್ ಪೈಪನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಅಷ್ಟು ಖುಷಿಯಾಗಿ ಅವನನ್ನು ನಾನು ನೋಡಿದ್ದು ಕಡಿಮೆ.

ವೈನಿ ಅವನ ಮುಖ ನೋಡಿದರು, ನಮ್ಮೆಲ್ಲರ ಮುಖ ನೋಡಿದರು.

"ನಡೀತದ" ಎಂದರು. ಹೇಳಿ ಲಾರಿಯ ಆಚೆ ಬದಿಗೆ, ಉಜ್ಜುವ ಕೆಲಸಕ್ಕೆ ಹೋದರು.

ಕಲ್ಲಿನಾಥ ಬೆಂಕಿ ಹಚ್ಚಿ ಬಳ್ಳಿಯ ತುದಿಗೆ ಹಿಡಿದ. ಒಂದು ಬೊಟ್ಟಿನಷ್ಟು ಕಬ್ಬಿಣ ಕೆಂಪಾದದ್ದು ಕಂಡಿತು. ಆಮೇಲೆ ನಾನು ನೆಲದ ಮೇಲಿದ್ದೆ, ಕಿವಿಯಲ್ಲಿ ಬರೀ ಗುಂಯ್ ಎನ್ನುವುದು. ಡ್ರಮ್ಮಿನ ಮೇಲ್ಭಾಗ ಕಿತ್ತು ಕಲ್ಲಿನಾಥನ ಎದೆಗೆ ಬಡಿದಿತ್ತು. ಆಂಬುಲೆನ್ಸ್ ಬರುವ ಮೊದಲೇ ಅವನು ಹೋಗಿದ್ದ. ದತ್ತಾತ್ರಿಯ ಎಡಗೈ ಮೊಣಕೈತನಕ ಸುಟ್ಟಿತ್ತು. ಲಾರಿಯ ಮರೆಯಲ್ಲಿದ್ದ ವೈನಿಗೆ ಒಂದು ಗೀರೂ ಆಗಿರಲಿಲ್ಲ.

ಮಣ್ಣು ಮಾಡಿದ ದಿನ ವೈನಿ ನನ್ನ ತೋಳು ಹಿಡಿದು ಕಟ್ಟಿದ ಮೂಗಿನಲ್ಲೇ ಅತ್ತರು. "ನನಗ ಯಾತರ ವಾಸನಿನೂ ಬರ್ಲಿಲ್ಲ ಏಕನಾಥ. ಎಲ್ಲಾರೂ ನಿಂತು ನನ್ನ ಬಾಯೇ ನೋಡಾಕತ್ತಿದ್ರು. ನನಗ ತಿಳೀವಲ್ದು ಅಂತ ಹ್ಯಾಂಗ ಹೇಳಲಿ?" ನಾಲ್ಕು ಮಾರು ದೂರದಲ್ಲಿ ಕಲ್ಲಿನಾಥನ ಹೆಂಡತಿ ಭೀಮಬಾಯಿ ಕೂತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ನನಗೆ ಆಗ ತಿಳಿಯಲಿಲ್ಲ.

ಮೂರನೇ ದಿನ ಪೊಲೀಸ್ ಜಮಾದಾರರು ಹೇಳಿಕೆ ಬರೆದುಕೊಳ್ಳಲು ಶೆಡ್ಡಿಗೆ ಬಂದರು. ಬೈಪಾಸಿನವರೆಲ್ಲ ಸೇರಿದ್ದೆವು, ಭೀಮಬಾಯಿಯನ್ನೂ ಕರೆಸಿದ್ದರು.

"ಡ್ರಮ್ಮ ಮೂಸಿ ನೋಡಿದವ್ರು ಯಾರು?"

ವೈನಿ ಮುಂದೆ ಬಂದರು. ಅವರು ಬಾಯಿ ತೆರೆಯುವುದರೊಳಗೆ ದತ್ತಾತ್ರಿ ಪಟ್ಟಿ ಕಟ್ಟಿದ ಕೈಯನ್ನು ಅವರಿಗೆ ಅಡ್ಡ ಹಿಡಿದ.

"ನಾನ್ರಿ ಸಾಹೇಬ್ರ. ನಾನೇ ಮೂಸಿ, ನಡೀತದ ಅಂದೆ."

"ವಾಸನಿ ಬರ್ಲಿಲ್ಲೇನು?"

"ಏನೂ ಬರ್ಲಿಲ್ರಿ."

ಆ ಒಂದು ಮಾತು ಮಾತ್ರ ಸುಳ್ಳಲ್ಲ. ಜಮಾದಾರರು ನಮ್ಮ ಕಡೆ ತಿರುಗಿ "ಖರೇ ಏನ್ರಿ?" ಎಂದರು. ಇಪ್ಪತ್ತು ಜನ ಇದ್ದೆವು, ಇಪ್ಪತ್ತೂ ಜನಕ್ಕೆ ಅವನ ಮೂಗಿನ ಕಥೆ ಗೊತ್ತು.

"ಹೌದ್ರಿ" ಎಂದೆ ನಾನು. ಉಳಿದವರೂ ಅಂದರು.

ಕೊನೆಗೆ ಭೀಮಬಾಯಿಯನ್ನು ಕೇಳಿದರು. ಅವಳ ಗಂಡ ದಿನಾ ಸಂಜೆ ಮನೆಗೆ ಹೋಗಿ ದತ್ತಾತ್ರಿಯ ಮೂಗನ್ನು ಆಡಿಕೊಂಡು ನಗುತ್ತಿದ್ದ, ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ವೈನಿಯನ್ನೇ ನೋಡುತ್ತ ನಿಂತಳು.

"ಹೌದ್ರಿ. ಅವರೇ ಮೂಸ್ಯಾರ" ಎಂದಳು.

ಜಮಾದಾರರು ಬರೆದುಕೊಂಡು ದತ್ತಾತ್ರಿಯನ್ನು ಜೀಪಿಗೆ ಹತ್ತಿಸಿದರು. ಜೀಪು ಹೋದ ಮೇಲೆ ಭೀಮಬಾಯಿ ನಡೆದು ಬಂದು ವೈನಿಯ ಎದುರಿಗೆ ನಿಂತಳು. ದನಿ ಏರಿಸಲಿಲ್ಲ.

"ನೆಗಡಿ ಅದ ಅಂತ ಒಂದ ಮಾತ ಹೇಳಬೇಕಿತ್ತಲ್ಲ ಅಕ್ಕಾ" ಎಂದಳು.