ತವರಿಗೆ ಹೋದವರ ಲೆಕ್ಕ

ಹನುಮಂತನಗರದ ಶರಣಮ್ಮ ಎರಡು ವಿಷಯಗಳಲ್ಲಿ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ: ಒಂದು ಸಪ್ಪೆ ಸಾರು, ಇನ್ನೊಂದು ನುಣ್ಣಗೆ ತೀಡಿದ ಸಂಶೋಧನಾ ವರದಿ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ಧಾರಾವಾಹಿ ನೋಡುವ ಜಾಯಮಾನ ಅವಳದಲ್ಲ. ಶನಿವಾರ ಬಂತೆಂದರೆ ಬಸ್ಸು ಹತ್ತಿ ಜಯನಗರದ ಒಂದು ಸಣ್ಣ ಆರೋಗ್ಯ ಸಂಶೋಧನಾ ಸಂಸ್ಥೆಗೆ ಹೋಗಿ, ಅಲ್ಲಿನ ಹಾಲ್‌ನಲ್ಲಿ ಎಳೆಯ ಸಂಶೋಧಕರಿಗೆ ವರದಿ ಬರೆಯುವುದನ್ನು ಕಲಿಸುತ್ತಿದ್ದಳು. ಆ ಕ್ಲಾಸೆಂದರೆ ಅವಳಿಗೆ ಪ್ರಾಣ.

ಕ್ಲಾಸಿನ ಪದ್ಧತಿಯೇ ಬೇರೆ. ವರದಿ ತಂದವರು ಗೆದ್ದದ್ದನ್ನು ಓದುವ ಹಾಗಿಲ್ಲ, ಎಡವಿದ್ದನ್ನು ಮೊದಲು ಓದಬೇಕು. ಎಷ್ಟು ಜನ ಅರ್ಧಕ್ಕೆ ಬಿಟ್ಟರು, ಯಾವ ಅಳತೆ ತಪ್ಪಿತು, ಎಲ್ಲವನ್ನೂ ಒಪ್ಪಿಕೊಂಡ ಮೇಲೆಯೇ ಮುಂದಿನ ಮಾತು. ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದ ಡಾಕ್ಟರುಗಳೂ ಇದ್ದರು. ಹೋಗಲಿ ಬಿಡಿ, ಅಂಥವರಿಗೆ ಅವಳೇನೂ ಕಾಫಿ ಕೊಟ್ಟು ಕೂರಿಸುತ್ತಿರಲಿಲ್ಲ.

೨೦೦೩ರಲ್ಲಿ ಪ್ರೇರಣಾ ಎಂಬ ಹುಡುಗಿ ತನ್ನ ಮೊದಲ ಪೇಪರು ತಂದಳು. ಬಿಟಿಎಂ ಲೇಔಟಿನ ಬಾಡಿಗೆ ಮನೆಗಳ ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ಹೆರಿಗೆಯ ಹೊತ್ತಿಗೆ ರಕ್ತ ಪರೀಕ್ಷಿಸಿದ ಅಧ್ಯಯನ. ಫಲಿತಾಂಶ ಭರ್ಜರಿಯಾಗಿತ್ತು.

"ಅರ್ಧಕ್ಕೆ ಬಿಟ್ಟೋರು ಯಾರೂ ಇಲ್ವಾ?" ಶರಣಮ್ಮ ಕೇಳಿದಳು.

"ಕೊನೇವರೆಗೂ ಬಂದೋರನ್ನ ಮಾತ್ರ ತಗೊಂಡ್ವಿ ಮೇಡಂ. ಮಿಕ್ಕೋರು ಊರಿಗೆ ಹೋಗ್ಬಿಟ್ರು."

ಶರಣಮ್ಮ ಹಣೆ ಚಚ್ಚಿಕೊಂಡಳು. "ಚೊಚ್ಚಲ ಬಸುರಿ ಹೆರಿಗೆಗೆ ತವರಿಗೆ ಹೋಗ್ದೆ ಇನ್ನೆಲ್ಲಿಗೆ ಹೋಗ್ತಾಳಮ್ಮಾ? ಗದಗದಲ್ಲಿ ಕೂತಿರೋ ಅವಳಿಗೆ ನಿನ್ನ ಮಾತ್ರೆ ಹಿಡಿಸ್ತೋ ಇಲ್ವೋ, ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಸೀಮಂತದ ಬಳೆ ತೊಟ್ಟು ಬಸ್ಸು ಹತ್ತಿದ ಹೆಂಗಸರೆಲ್ಲ ವರದಿಯಿಂದ ಮಾಯವಾಗಿದ್ದರು. ಪ್ರೇರಣಾ ನಾಚಿಕೊಂಡಳು. ಮುಂದಿನ ಶನಿವಾರ ಪೇಪರಿನ ಕೊನೆಯ ಪುಟದಲ್ಲಿ ಒಂದು ಸಾಲು ಸೇರಿಸಿಕೊಂಡು ಬಂದಳು: ಅರ್ಧದಷ್ಟು ಮಂದಿ ತವರಿಗೆ ಹೋದರು, ಅವರಿಗೆ ಏನಾಯಿತೆಂದು ನಮಗೆ ತಿಳಿಯದು.

ಸಂಸ್ಥೆಯ ನಿರ್ದೇಶಕ ಶಶಿಕಾಂತ್ ಅದನ್ನು ಓದಿ ನೇರ ಹಾಲ್‌ಗೇ ಬಂದ. ಆಸಾಮಿ ಕೆಟ್ಟವನೇನಲ್ಲ, ಹೊಗಳಿಕೆ ಕಂಡರೆ ಬಾಯಿ ಬಿಡುವವನು.

"ಈ ಸಾಲಿದ್ರೆ ನಮ್ಮ ಪೇಪರ್ನ ಯಾರು ಮೂಸಿ ನೋಡ್ತಾರೆ ಮೇಡಂ? ತೆಗೆಸಿ. ಇಲ್ಲಾಂದ್ರೆ ನಿಮ್ಮ ಕ್ಲಾಸಿಗೆ ಇನ್ಮೇಲೆ ಹಾಲ್ ಸಿಗಲ್ಲ."

ಶರಣಮ್ಮ ಕ್ಲಾಸಿನ ಮಕ್ಕಳ ಕಡೆ ಒಮ್ಮೆ ತಿರುಗಿ ನೋಡಿದಳು. ಈ ವಯಸ್ಸಿನಲ್ಲಿ ಇನ್ನೊಂದು ಹಾಲ್, ಇನ್ನೊಂದಿಷ್ಟು ಶಿಷ್ಯರು ಎಲ್ಲಿಂದ ಬರಬೇಕು? ಅವಳ ಮುಖ ನೋಡಿ ಪ್ರೇರಣಾ ಪೆನ್ನು ಕೈಗೆತ್ತಿಕೊಂಡಳು.

"ನಾನೇ ಹೊಡೆದುಹಾಕ್ತೀನಿ ಮೇಡಂ. ಒಂದು ಸಾಲು ತಾನೆ, ಕ್ಲಾಸ್ ಉಳ್ಕೊಳ್ಳಲಿ."

ಶರಣಮ್ಮನ ಅಳುಕೆಲ್ಲ ಒಮ್ಮೆಲೇ ಸಿಟ್ಟಾಯಿತು. ಸಿಟ್ಟು ಬಂದದ್ದು ಶಶಿಕಾಂತನ ಮೇಲಲ್ಲ, ಒಂದು ಗಳಿಗೆ ಹಾಲ್ ಉಳಿಸಿಕೊಳ್ಳುವ ಲೆಕ್ಕ ಹಾಕಿದ ತನ್ನ ಮೇಲೆ.

"ಆ ಸಾಲು ಹೊಡೆದುಹಾಕಿದ್ಮೇಲೆ ಈ ಕ್ಲಾಸಲ್ಲಿ ನಾನು ಕಲಿಸೋಕೆ ಉಳಿಯೋದೇನು?" ಎಂದವಳೇ ಚೀಲದಿಂದ ಹಾಲ್‌ನ ಬೀಗದ ಕೈ ತೆಗೆದು ಶಶಿಕಾಂತನ ಮುಂದಿಟ್ಟಳು. ಆಮೇಲೆ ಪೇಪರನ್ನು ಪ್ರೇರಣಾಳ ಕಡೆ ತಳ್ಳಿದಳು.

"ಕೊನೇ ಪುಟದಲ್ಲಿ ಯಾಕಮ್ಮಾ ಬಚ್ಚಿಟ್ಟಿದೀಯ? ಮೊದಲ್ನೇ ಪ್ಯಾರಾಗೆ ತಗೊಂಬಾ."

ಪ್ರೇರಣಾ ಅಲ್ಲೇ, ಶಶಿಕಾಂತನ ಎದುರಿಗೇ, ಬರೆಯತೊಡಗಿದಳು.