ತಗ್ಗಿನ ಹಸಿ

ಮಳೆಯ ವಿಷಯದಲ್ಲಿ ನಾನು ಕಡು ಜಿಪುಣ. ಉಳಿದಂತೆ ಕೈ ಅಷ್ಟೇನೂ ಬಿಗಿಯಲ್ಲ; ಕೊಟ್ಟೂರಿನಲ್ಲಿ ನನ್ನ ಖರ್ಚಿನಲ್ಲಿ ಮಂಡಕ್ಕಿ ಮಿರ್ಚಿ ತಿಂದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನನ್ನ ಹೊಲದ ಮೇಲೆ ಬಿದ್ದ ಮಳೆ ಇನ್ನೊಬ್ಬರ ಹೊಲಕ್ಕೆ ಇಳಿದು ಹೋಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು.

ಕೂಡ್ಲಿಗಿ ರಸ್ತೆಯ ಪಕ್ಕದ ನನ್ನ ಹೊಲ ದಿಬ್ಬದ ಮೇಲಿದೆ. ಗರಸು ಮಣ್ಣು, ಮೊಳ ಅಗೆದರೆ ಕಲ್ಲು. ಅದರ ಕೆಳಗೆ ಬೋಗುಣಿಯ ಹಾಗೆ ತಗ್ಗಾಗಿರುವ ಕಪ್ಪು ಎರೆಮಣ್ಣಿನ ತುಂಡು ದುರುಗಮ್ಮನದು. ಮಳೆ ನಿಂತು ತಿಂಗಳಾದರೂ ಅಲ್ಲಿನ ಮಣ್ಣು ಮುಷ್ಟಿಯಲ್ಲಿ ಉಂಡೆಯಾಗುತ್ತಿತ್ತು. ಆ ಹಸಿಯನ್ನೇ ನಂಬಿ ಅವಳು ಹಿಂಗಾರಿಗೆ ಕಡಲೆ ಬಿತ್ತಿ ವರ್ಷ ದೂಡುತ್ತಿದ್ದಳು. ಹೈಸ್ಕೂಲಿನಲ್ಲಿ ಇಳಿಜಾರು, ತಗ್ಗು, ಇಂಗುವಿಕೆ ಎಂದು ಭೂಗೋಳ ಹೇಳುತ್ತಿದ್ದ ನನಗೆ ಕಾರಣ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತರಿಸಿ ಇಬ್ಬರ ಹೊಲದ ನಡುವೆ ಉದ್ದಕ್ಕೂ ಒಡ್ಡು ಹಾಕಿಸಿದೆ. ನನ್ನ ನೀರು ನನಗೇ ಇರಲಿ! ಆದರೆ ನೀರಿಗೆ ಪಹಣಿ ಓದಲು ಬರುವುದಿಲ್ಲ ನೋಡಿ. ನನ್ನ ಗರಸಿನಲ್ಲಿ ಅದನ್ನು ಹಿಡಿದಿಡುವಷ್ಟು ಮಣ್ಣೇ ಇರಲಿಲ್ಲ. ಒಡ್ಡಿನ ಗುಂಟ ಓಡಿ, ಬಂಡಿದಾರಿಗೆ ಬಿದ್ದು, ಹಳ್ಳ ಸೇರಿತು. ನನ್ನ ಸಜ್ಜೆ ಯಥಾಪ್ರಕಾರ ಮೊಣಕಾಲುದ್ದ. ಕೆಳಗೆ ದುರುಗಮ್ಮನ ಕಡಲೆ ಹೂವಿಗೆ ಬರುವ ಮುಂಚೆಯೇ ಒಣಗಿತು.

ಒಂದು ಸಂಜೆ ಅವಳು ಆ ಒಡ್ಡಿನ ಮಗ್ಗುಲಲ್ಲೇ ನಿಂತು ಕೇಳಿದಳು: "ಯಾಕ್ರೀ ಮೇಷ್ಟ್ರ, ಈ ವರ್ಷ ಹೊಲದಾಗ ಹಸೀನ ನಿಂದರಲಿಲ್ಲ? ನೀವು ಓದಿದೋರು, ಹೇಳ್ರಿ."

ನಾನು ಕೆಮ್ಮಿದೆ. ಮುಂಗಾರು, ಮೋಡ, ಗಾಳಿಯ ದಿಕ್ಕು ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಒಡ್ಡಿನ ಹೆಸರೆತ್ತಲಿಲ್ಲ. "ಹೌದೇನ್ರಿ" ಎಂದು ಅವಳು ಹೋದಳು. ಆ ವರ್ಷ ಅವಳು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವುದನ್ನು ಬಸ್ಸಿನಿಂದ ಕಂಡಾಗಲೆಲ್ಲ ಮುಖಕ್ಕೆ ಪೇಪರು ಅಡ್ಡ ಹಿಡಿಯುತ್ತಿದ್ದೆ. ಎಂಥ ನಾಚಿಕೆಗೇಡು! ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಮುಂದಿನ ಬೇಸಿಗೆಯಲ್ಲಿ ನಾನೇ ಸಲಿಕೆ ಹಿಡಿದು ಒಡ್ಡು ಒಡೆಯತೊಡಗಿದೆ. ದುರುಗಮ್ಮ ಗುದ್ದಲಿ ತಂದು, ಏನೂ ಕೇಳದೆ, ಆಚೆ ಕಡೆಯಿಂದ ಅಗೆಯತೊಡಗಿದಳು.

"ಇದರಿಂದನ ಆಗಿದ್ದು ದುರುಗಮ್ಮ. ಹ್ವಾದ ವರ್ಷ ನಿನಗ ಸುಳ್ಳು ಹೇಳಿದೆ" ಎಂದೆ.

"ಗೊತ್ತೈತ್ರಿ. ಒಡ್ಡು ಹಾಕಿದ ದಿನಾನ ಗೊತ್ತಾಗಿತ್ತು."

"ಮತ್ತ ನನ್ನ ಯಾಕ ಕೇಳಿದಿ?"

"ನೀವ ಹೇಳ್ತೀರೇನೋ ಅಂತ."

ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಅಷ್ಟು ಸುಲಭದ್ದನ್ನು ಯಾರೂ ನನಗೆ ಕೇಳಿರಲಿಲ್ಲ.