ಒಣಗಿದ ನಾಲ್ಕು ಬಟ್ಟಲು

ವನಜಾ ಆಂಟಿ, ಬಟ್ಟಲುಗಳ ನೀರು ಚೆಲ್ಲಿದವನು ನಾನು. ನೀವು ಮರೆತದ್ದಲ್ಲ.

೨೦೧೧ರ ಡಿಸೆಂಬರ್. ಡೊಂಬಿವಲಿಯ ನಮ್ಮ ಸೊಸೈಟಿಯ ಟೆರೇಸಿನಲ್ಲಿ ನಿಮ್ಮ ಜೇನುಪೆಟ್ಟಿಗೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ನಾಲ್ಕೂ ಕಾಲಿನಡಿ ನೀರು ತುಂಬಿದ ಬಟ್ಟಲು. ನಾನು ಕಾಲೇಜಿನ ಡಿಬೇಟ್ ತಂಡದವನು — ಪುರಾವೆಯಿಲ್ಲದ ಯಾವ ಮಾತನ್ನೂ ಒಪ್ಪದವನು.

"ಈ ಥಂಡಿಯಲ್ಲಿ ಇರುವೆ ಎಲ್ಲಿಂದ ಬರ್ತದೆ? ಇದೆಲ್ಲ ಬರೀ ರೂಢಿ ಆಂಟಿ."

ನೀವು ನಕ್ಕಿರಿ. "ಥಂಡಿಗೆ ಜೇನುಹುಳ ಒಳಗೆ ಮುದುಡಿ ಕೂರ್ತವೆ, ಬಾಗಿಲು ಕಾಯ್ಲಿಕ್ಕೆ ಯಾರಿಲ್ಲ. ಇರುವೆಗೆ ಅದೇ ಬೇಕಾದ್ದು ಮಾರಾಯ. ನಿನ್ನ ಭಾಷಣ ಅದಕ್ಕೆ ಅರ್ಥ ಆಗುದಿಲ್ಲ."

ಆ ನಗು ನಾಟಿತು. ಶುಕ್ರವಾರ ನೀವು ನೀರು ಹಾಕಿ, ಅಕ್ಕನ ಮನೆಗೆಂದು ಕೋಪರಿಗೆ ಹೊರಟಿರಿ. ನಾನು ಪ್ರಯೋಗವೆಂದು ಹೆಸರಿಟ್ಟುಕೊಂಡು ನಾಲ್ಕೂ ಬಟ್ಟಲು ಬರಿದು ಮಾಡಿದೆ. ಒಂದೇ ದಿನ, ನಾಳೆ ತುಂಬಿಸಿದರಾಯಿತು ಎಂದು... ಮರುದಿನ ಸ್ಪರ್ಧೆಗೆ ವಾಶಿಗೆ ಹೋದೆ. ಗೆದ್ದೆ. ಗೆದ್ದ ಗುಂಗಿನಲ್ಲಿ ಮರೆತೇಬಿಟ್ಟೆ — ಹೌದು, ಮರೆತವನು ನಾನು.

ಸೋಮವಾರ ಬೆಳಿಗ್ಗೆ ನೀವು ಮರಳಿ ಬಂದು ನೋಡಿದರೆ ಸ್ಟ್ಯಾಂಡಿನ ಕಾಲುಗಳ ಉದ್ದಕ್ಕೂ ಇರುವೆಸಾಲು. ಮೇಣದ ಎರಿಗಳಲ್ಲಿ ಜೇನುತುಪ್ಪವಿಲ್ಲ, ಮರಿಹುಳಗಳಿಲ್ಲ. ಉಳಿದ ಹುಳಗಳೆಲ್ಲ ಪೆಟ್ಟಿಗೆ ಬಿಟ್ಟು ಹಾರಿಹೋಗಿದ್ದವು. ನಿಮ್ಮ ಗಂಡ ಒಣ ಬಟ್ಟಲು ಎತ್ತಿ ತೋರಿಸಿದರು: "ನಾಳೆ ನನ್ನನ್ನೂ ಸ್ಟೇಷನ್ನಲ್ಲಿ ಮರೆತು ಬರ್ತಾಳೆ ಇವಳು!" ನೆರೆಯವರೆಲ್ಲ ನಕ್ಕರು. ನೀವು ನನ್ನತ್ತ ತಿರುಗಿದಿರಿ.

"ನಾನು ನೀರು ಹಾಕಿದ್ದೆನಲ್ಲ? ನೀನು ಅಲ್ಲೇ ಇದ್ದಿ. ನೋಡಿದ್ದಿ ಅಲ್ವಾ?"

ನೋಡಿದ್ದೆ. ಆದರೆ ನನ್ನ ಬಾಯಿಂದ ಬಂದದ್ದು — "ಹಾಕಿದ್ದಕ್ಕೆ ಪ್ರೂಫ್ ಏನುಂಟು ಆಂಟಿ? ನೆನಪು ಮೋಸ ಮಾಡ್ತದೆ."

ನೀವು ಗಂಡನ ಕೈಯಿಂದ ಒಣ ಬಟ್ಟಲು ತೆಗೆದುಕೊಂಡು, "ಇರಬಹುದು" ಎಂದಿರಿ. ಅಷ್ಟು ಸುಲಭದ ಗೆಲುವು ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿಲ್ಲ.

ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟಿರಿ. ಅಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಅಲ್ಲ. ಅಂದಿನಿಂದ ರಿಕ್ಷಾದವರೆಗೆ ಹೋದವರು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಮಹಡಿ ಹತ್ತಿ ವಾಪಸು ಬರುತ್ತೀರಿ. ಬೀಗವನ್ನು ಎರಡು ಸಲ ಎಳೆದು ನೋಡುತ್ತೀರಿ. ಆರು ವರ್ಷ ಎದುರುಮನೆಯ ಬಾಗಿಲಿನಿಂದ ನೋಡುತ್ತಲೇ ಬಂದಿದ್ದೇನೆ. ಅದು ವಯಸ್ಸಿನದು, ನನ್ನಿಂದಲ್ಲ ಎಂದು ವಾದಿಸಬಲ್ಲೆ, ಚೆನ್ನಾಗಿಯೇ ವಾದಿಸಬಲ್ಲೆ. ವಾದಿಸುವುದಿಲ್ಲ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮವರ ಎದುರಿಗೇ, ಅಂದು ನಕ್ಕವರ ಎದುರಿಗೇ ಹೇಳುತ್ತೇನೆ: ನೀವು ನೀರು ಹಾಕಿದ್ದಿರಿ. ನಾನು ಕಣ್ಣಾರೆ ನೋಡಿದ್ದೆ.